ಎಡಗಡೆಯ ಸೀಟು

ಆ ಟ್ರಕ್ಕು ನಮ್ಮ ಅಂಗಳಕ್ಕೆ ಬಂದಾಗ ಅಮ್ಮ ಬೆಂದ ಹುರುಳಿಕಾಳಿನ ಕಟ್ಟು ಬಸಿಯುತ್ತಿದ್ದಳು. ಗೂಳೂರಿನ ನಮ್ಮ ಮನೆಗೆ ಮುಂದೆ ಜಗುಲಿ, ಒಳಗೆ ಒಂದೇ ಉದ್ದನೆಯ ನಡುಮನೆ, ಅದರ ಕೊನೆಗೆ ಅಡಿಗೆಮನೆ, ಪಕ್ಕದಲ್ಲಿ ದನ ಮಾರಿದ ಮೇಲೆ ಖಾಲಿ ಬಿದ್ದ ಕೊಟ್ಟಿಗೆ. ಅಡಿಗೆಮನೆಯ ಕಿಟಕಿಯಿಂದ ಅಂಗಳ ಪೂರ್ತಿ ಕಾಣುತ್ತಿತ್ತು. ಒಂದು ಟ್ರ್ಯಾಕ್ಟರು ಸರಪಳಿ ಕಟ್ಟಿ ಎಳೆದುಕೊಂಡು ಬಂದ ಹಸಿರು ಬಣ್ಣದ ಆ ಮುದಿ ಗಾಡಿ ತುಳಸಿಕಟ್ಟೆಯ ಮೂಲೆಯನ್ನು ಒಂದಿಷ್ಟು ಕೆತ್ತಿಕೊಂಡು ಹೋಗಿ ಹುಣಸೆಮರದ ಕೆಳಗೆ ನಿಂತಿತು. ಮಿಲಿಟರಿಯವರು ಹರಾಜಿನಲ್ಲಿ ಮಾರಿದ ಚಿಕ್ಕ ಟ್ರಕ್ಕು ಅದು. ಮುಂದಿನ ದೀಪಗಳಲ್ಲಿ ಒಂದು ಇರಲಿಲ್ಲ. ಹಿಂದೆ ಸಿಪಾಯಿಗಳು ಕೂರುತ್ತಿದ್ದ ಹಲಗೆಗಳಿಗೆ ಗೆದ್ದಲು ಹಿಡಿದಿತ್ತು. ಸ್ಟಿಯರಿಂಗಿನ ಮುಂದೆ ಅಪ್ಪ ಮದುವೆ ಗಂಡಿನ ಹಾಗೆ ನೆಟ್ಟಗೆ ಕೂತಿದ್ದ. ಅಮ್ಮ ಸೌಟು ಹಿಡಿದುಕೊಂಡೇ ಹೊರಗೆ ಬಂದಳು.

"ಏನಿದು?"

"ಗಾಡಿ ಕಣೇ."

"ಅದು ಕಾಣ್ತೈತೆ. ಯಾಕೆ ಅಂತ ಕೇಳ್ದೆ."

"ನಾವೆಲ್ಲ ಓಡಾಡಕ್ಕೆ."

"ಯಾಕೆ, ಬಸ್ಸಿಲ್ವಾ?"

"ಬಸ್ ಹೋಗೋ ಕಡೆಗೆ ಬಸ್ ಐತೆ. ಬಸ್ ಹೋಗ್ದೆ ಇರೋ ಕಡೆಗೆ ನಿಮ್ಮುನ್ನ ಯಾರು ಕರ್ಕೊಂಡೋಗ್ತಾರೆ?"

ಅಪ್ಪ ಹರೆಯದಲ್ಲಿ ಬೋರ್‌ವೆಲ್ ಕೊರೆಯುವ ಲಾರಿ ಓಡಿಸಿದ್ದವನು. ಆ ಲಾರಿ ರಸ್ತೆ ಮುಗಿದ ಮೇಲೂ ಹೋಗಬೇಕಿತ್ತು. ಹಳ್ಳ ದಾಟಿ, ಬಂಡೆ ಹತ್ತಿ, ಗಾಡಿಜಾಡು ಕೂಡ ಇಲ್ಲದ ಗುಡ್ಡಗಳ ಬೆನ್ನಿಗೆ ಹೋಗಿ ಅವನು ಏನೇನು ನೋಡಿದ್ದನೋ ಅದನ್ನೆಲ್ಲ ಊಟಕ್ಕೆ ಕೂತಾಗ ನಮಗೆ ಹೇಳುತ್ತಿದ್ದ. ಬಂಡೆಯ ಮೇಲೆ ಬಿದ್ದುಕೊಂಡ ಕೆರೆಯಂಥ ದೊಣೆ, ನವಿಲುಗಳು ಸಾಲಾಗಿ ನೀರು ಕುಡಿಯುವ ಜಾಗ. ಮದುವೆಯಾದ ಮೇಲೆ ತುಮಕೂರಿನ ಪಕ್ಕದ ಸತ್ಯಮಂಗಲದಲ್ಲಿ ಲಾರಿಗಳಿಗೆ ಬಾಡಿ ಕಟ್ಟುವ ಒಂದು ಶೆಡ್ಡಿನಲ್ಲಿ ಕೆಲಸಕ್ಕೆ ಸೇರಿದ. ಆ ಶೆಡ್ಡಿನಲ್ಲಿ ಅಪ್ಪನ ಕಣ್ಣಳತೆ ಅಂದರೆ ದೊಡ್ಡ ಮಾತು. ಟೇಪು ಹಿಡಿಯದೆ ಕಬ್ಬಿಣ ಕತ್ತರಿಸುತ್ತಿದ್ದ, ಕತ್ತರಿಸಿದ್ದು ಸರಿಯಾಗಿ ಕೂರುತ್ತಿತ್ತು. ಈಗ ಆ ಕಣ್ಣನ್ನೂ ಆ ಕೈಯನ್ನೂ ಈ ಗಾಡಿಗೆ ಹಾಕಿ, ತಾನು ನೋಡಿದ ಜಾಗಗಳನ್ನೆಲ್ಲ ನಮಗೂ ತೋರಿಸಬೇಕು ಎಂದು ಅವನ ಆಸೆ. ಅಮ್ಮ ಮಾತ್ರ ಆ ದಿನವೇ ಅದಕ್ಕೆ ಸವತಿ ಅಂತ ಹೆಸರಿಟ್ಟಳು. "ಯಜಮಾನ್ರು ಎಲ್ಲಿ?" ಎಂದು ಯಾರಾದರೂ ಕೇಳಿದರೆ "ಸವತಿ ಮನೇಲವ್ರೆ" ಅನ್ನುತ್ತಿದ್ದಳು. ಕೇಳಿದವರು ನಕ್ಕರೂ ಅವಳು ನಗುತ್ತಿರಲಿಲ್ಲ.

ಅಮ್ಮನಿಗೆ ಸವತಿ ಟ್ರಕ್ಕು. ನನ್ನ ಸವತಿಗೆ ಎರಡು ಜಡೆ ಇತ್ತು. ಅವಳು ರತ್ನ, ಗುಬ್ಬಿಯಲ್ಲಿದ್ದ ಅಪ್ಪನ ತಂಗಿಯ ಮಗಳು. ನನಗಿಂತ ಎಂಟು ತಿಂಗಳು ದೊಡ್ಡವಳು. ಗುಬ್ಬಿ ಅತ್ತೆಯ ಮನೆಯಲ್ಲಿ ಅವಳ ಹಿಂದೆ ಇನ್ನೂ ಮೂರು ಮಕ್ಕಳಿದ್ದವು. ಅವಳ ಅಪ್ಪ ತೀರಿಹೋಗಿ ಎರಡು ವರ್ಷವಾಗಿತ್ತು. ತುಮಕೂರಿನಲ್ಲಿ ಓದಲಿ ಎಂದು ಅಪ್ಪನೇ ಹೋಗಿ ಕರೆದುಕೊಂಡು ಬಂದಿದ್ದ. ಸೋದರಮಾವ ಅಂದಮೇಲೆ ಅವನದೇ ಜವಾಬ್ದಾರಿ ಎಂಬುದು ನಮ್ಮ ಕಡೆಯ ನಡವಳಿಕೆ, ಅದರಲ್ಲಿ ಯಾರೂ ಎರಡು ಮಾತಾಡಲಿಲ್ಲ. ನನ್ನ ಚಾಪೆಯಲ್ಲೇ ಮಲಗುತ್ತಿದ್ದಳು. ನನಗೆ ತಲೆ ಬಾಚುತ್ತಿದ್ದಳು, ಲೆಕ್ಕ ಹೇಳಿಕೊಡುತ್ತಿದ್ದಳು. ಒಂದು ದಿನವೂ ನನ್ನ ಹತ್ತಿರ ಜಗಳವಾಡಲಿಲ್ಲ. ಆಡಿದ್ದರೆ ನನಗೆ ಎಷ್ಟೋ ಅನುಕೂಲವಾಗುತ್ತಿತ್ತು.

ಭಾನುವಾರ ಬೆಳಿಗ್ಗೆ ಎಣ್ಣೆ ಹಚ್ಚಿ ನೀರು ಹಾಕಿಕೊಳ್ಳುವುದು ನಮ್ಮ ಮನೆಯ ಪದ್ಧತಿ. ಟ್ರಕ್ಕು ಬಂದ ಮೇಲೆ ಅದು ಸಂಜೆಗೆ ಹೋಯಿತು, ಯಾಕೆಂದರೆ ಬೆಳಿಗ್ಗೆಯಿಂದ ಅಪ್ಪ ಗಾಡಿಯ ಕೆಳಗೆ ಗೋಣಿಚೀಲ ಹಾಸಿಕೊಂಡು ಮಲಗಿರುತ್ತಿದ್ದ. ಮೊದಲು ಹಿಂದಿನ ಬಾಡಿಯನ್ನೆಲ್ಲ ಬಿಚ್ಚಿ ಹಾಕಿದ. ಆಮೇಲೆ ಚಕ್ರಗಳ ಪಟ್ಟಾ ಸ್ಪ್ರಿಂಗುಗಳಿಗೆ ಒಂದೊಂದು ಪಟ್ಟಿ ಹೆಚ್ಚಿಗೆ ಸೇರಿಸಿ ಗಾಡಿಯನ್ನು ಎತ್ತರ ಮಾಡಿದ. ಹಳ್ಳದ ನೀರು ನುಗ್ಗದ ಹಾಗೆ ಹೊಗೆಕೊಳವೆಯನ್ನು ಮೇಲಕ್ಕೆ ತಿರುಗಿಸಿ ಚಾವಣಿಯವರೆಗೂ ಒಯ್ದ. ಕೆಳಗಿನಿಂದ ಅವನ ಕೈ ಮಾತ್ರ ಹೊರಗೆ ಬರುತ್ತಿತ್ತು. ಮಾತಿಲ್ಲ, ಬರೀ ಬಿಡಿಸಿದ ಅಂಗೈ. ರತ್ನ ಅದರಲ್ಲಿ ಒಂದು ಸ್ಪ್ಯಾನರು ಇಡುತ್ತಿದ್ದಳು, ಅದೇ ಬೇಕಾದದ್ದಾಗಿರುತ್ತಿತ್ತು. ಒಂದು ಸಲ ಅವಳು ನೀರು ಕುಡಿಯಲು ಒಳಗೆ ಹೋದಾಗ ಆ ಕೈ ಹೊರಗೆ ಬಂತು. ನಾನು ಓಡಿಹೋಗಿ ಎಲ್ಲಕ್ಕಿಂತ ಫಳಫಳ ಅನ್ನುತ್ತಿದ್ದ ಸ್ಪ್ಯಾನರು ಆರಿಸಿ ಇಟ್ಟೆ. ಕೈ ಒಳಗೆ ಹೋಯಿತು. ಸ್ವಲ್ಪ ಹೊತ್ತಿಗೆ ಸ್ಪ್ಯಾನರಿನ ಸಮೇತ ಮತ್ತೆ ಹೊರಗೆ ಬಂದು, ಅದನ್ನು ನೆಲದ ಮೇಲೆ ಮೆಲ್ಲಗೆ ಇಟ್ಟು, ಮತ್ತೆ ಅಂಗೈ ಬಿಡಿಸಿಕೊಂಡು ಕಾಯಿತು.

"ರತ್ನ, ಹನ್ನೆರಡು-ಹದಿಮೂರು ಕೊಡವ್ವ."

ಕೊಟ್ಟವಳು ನಾನು ಅಂತ ಕೂಡ ಅವನಿಗೆ ಗೊತ್ತಾಗಲಿಲ್ಲ. ಬೈದಿದ್ದರೆ ಅತ್ತು ಮರೆತುಬಿಡುತ್ತಿದ್ದೆನೇನೋ. ರತ್ನನಿಗೆ ಈಗ ಹಿರೇಹಳ್ಳಿಯಲ್ಲಿ ತನ್ನದೇ ವರ್ಕ್‌ಶಾಪು ಇದೆ, ಕೈಕೆಳಗೆ ಏಳೆಂಟು ಜನ ದುಡಿಯುತ್ತಾರೆ. ಯಾರಾದರೂ ಅವಳನ್ನು ನನ್ನೆದುರಿಗೆ ಹೊಗಳಿದರೆ ನಾನು ಹೂಂ ಅನ್ನುತ್ತೇನೆ, ಮನಸ್ಸಿನಲ್ಲಿ ಆ ಬಿಡಿಸಿದ ಅಂಗೈ ಕಾಣುತ್ತದೆ.

ಮಧ್ಯಾಹ್ನ ಅಮ್ಮ ಮುದ್ದೆ ಕಟ್ಟಿ ಕೂಗುವಾಗ ಅವರಿಬ್ಬರೂ ಬಚ್ಚಲ ಕಲ್ಲಿನ ಹತ್ತಿರ ನಿಂತು ಸೀಮೆಎಣ್ಣೆಯಲ್ಲಿ ಗ್ರೀಸು ತೊಳೆದು, ಆಮೇಲೆ ಸೀಗೆಪುಡಿ ಹಾಕಿ ಉಜ್ಜುತ್ತಿದ್ದರು. ಅವಳು ಅವನ ಕೈಗೆ ನೀರು ಹಾಕುತ್ತಿದ್ದಳು, ಅವನು ಅವಳ ಕೈಗೆ. ಊಟಕ್ಕೆ ಕೂತರೆ ಇಬ್ಬರಿಂದಲೂ ಒಂದೇ ವಾಸನೆ ಬರುತ್ತಿತ್ತು. ಒಂದು ಭಾನುವಾರ ನಾನೂ ಸೀಮೆಎಣ್ಣೆ ಡಬ್ಬ ಬಗ್ಗಿಸಿ ಎರಡೂ ಕೈಗೆ ಸವರಿಕೊಂಡು ಬಂದು ಅಪ್ಪನ ಪಕ್ಕ ಕೂತೆ.

"ಏನ್ಲೇ ಇದು ಗಬ್ಬು? ನೀನೇನ್ ಕಡ್ದು ಕಟ್ಟೆ ಹಾಕ್ದೆ ಅಂತ?" ಅಂದಳು ಅಮ್ಮ.

ಅಪ್ಪ ನಕ್ಕ. ರತ್ನ ನಗಲಿಲ್ಲ. ಎದ್ದು ಹೋಗಿ ಸೀಗೆಪುಡಿ ತಂದು ನನ್ನ ಮುಂದಿಟ್ಟಳು. ಆ ಸೀಗೆಪುಡಿಯನ್ನು ಅವಳ ಕಣ್ಣಿಗೆ ಎರಚಬೇಕು ಅನ್ನಿಸಿತು ನನಗೆ.

ಗಾಡಿಗೆ ರೂಪ ಬಂತು. ಹಿಂದೆ ಕಬ್ಬಿಣದ ಕಮಾನು, ಅದರ ಮೇಲೆ ಹೊಸ ಟಾರ್ಪಾಲು. ನೀರಿನ ಡ್ರಮ್ಮಿಗೊಂದು ಚೌಕಟ್ಟು, ಪಂಪಿನ ಸ್ಟೌವಿಗೆ ಅಲುಗಾಡದ ಗೂಡು. ಅಮ್ಮನ ಮುದ್ದೆ ಕೋಲಿಗೂ ಒಂದು ಕ್ಲಿಪ್ಪು ಇಟ್ಟ. ಆ ಕ್ಲಿಪ್ಪು ನೋಡಿದ ಮೇಲೆ ಅಮ್ಮ ಸವತಿಯ ಮೇಲೆ ಸ್ವಲ್ಪ ಮೆತ್ತಗಾದಳು. ಕೊನೆಗೆ ಉಳಿದದ್ದು ಸೀಟುಗಳು. ಮುಂದೆ ಡ್ರೈವರಿನ ಪಕ್ಕ ಎಡಗಡೆ ಒಂದೇ ಸೀಟು. ಹಿಂದೆ, ಒಂದರ ಎದುರು ಒಂದರಂತೆ ಎರಡು. ಎಡಗಡೆಯ ಸೀಟು ನನ್ನದೇ ಎಂದು ನಾನು ಮನಸ್ಸಿನಲ್ಲಿ ಎಂದೋ ಬರೆದುಕೊಂಡಿದ್ದೆ. ಅಪ್ಪ ನನ್ನ ಅಪ್ಪ ತಾನೆ?

"ಮುಂದೆ ರತ್ನ ಕೂರ್ಲಿ," ಅಂದ ಅಪ್ಪ, ಸಾರು ಕಲೆಸಿಕೊಳ್ಳುತ್ತಾ. "ಎಡಗಡೆ ಚಕ್ರದ ತಾವ ಕಲ್ಲು ಬಂದ್ರೆ ನಂಗೆ ಕಾಣಲ್ಲ. ನೋಡ್ಕೊಂಡು ಹೇಳಕ್ಕೆ ಒಬ್ರು ಬೇಕು. ಅವ್ಳು ಉದ್ದ ಅವ್ಳೆ, ಕಾಣುತ್ತೆ."

"ನಾನೂ ನೋಡ್ತೀನಿ ಅಪ್ಪ."

"ನಿಂಗೆ ಬಸ್ಸಲ್ಲೇ ವಾಂತಿ ಬರುತ್ತಲ್ಲ ಮಗ. ನೀನು ಹಿಂದೆ ಅಮ್ಮನ್ ಜೊತೆ ಗಾಳಿಗೆ ಕೂತ್ಕೋ."

ಸೀಟಿನ ಎತ್ತರಕ್ಕೆ ಅಪ್ಪ ಅಳತೆ ತೆಗೆದದ್ದು ಅವನದೇ ರೀತಿಯಲ್ಲಿ. ಅಮ್ಮನ ಕಡ್ಡಿಪೊರಕೆಯಿಂದ ತೆಂಗಿನಗರಿಯ ಕಡ್ಡಿ ಕಿತ್ತುಕೊಂಡು, ನಮ್ಮನ್ನು ಒಬ್ಬೊಬ್ಬರನ್ನೇ ಜಗುಲಿಯ ಅಂಚಿಗೆ ಕೂರಿಸಿ, ಮೊಣಕಾಲಿನ ಹಿಂದಿನ ಹಳ್ಳದಿಂದ ಹಿಮ್ಮಡಿಯವರೆಗೆ ಹಿಡಿದು, ಅಷ್ಟಕ್ಕೆ ಮುರಿದ. "ಗಾಡಿ ಕುಣಿಯೋವಾಗ ಅಂಗಾಲು ಪೂರ್ತಿ ನೆಲಕ್ಕೆ ಕೂತಿರ್ಬೇಕು. ಕಾಲು ತೂಗಾಡಿದ್ರೂ ಕಷ್ಟ, ಮೊಣಕಾಲು ಮೇಲಕ್ಕೆದ್ರೂ ಕಷ್ಟ," ಎಂದು ಹೇಳಿಕೊಟ್ಟ. ಅಮ್ಮನ ಕಡ್ಡಿಗೆ ಹಸಿರು ದಾರ, ನನ್ನದಕ್ಕೆ ಕೆಂಪು, ರತ್ನನದಕ್ಕೆ ಹಳದಿ ಕಟ್ಟಿ ಕೊಟ್ಟಿಗೆಯ ಗೋಡೆಯ ಗೂಡಿನಲ್ಲಿಟ್ಟ. ಎಡಗಡೆಯ ಸೀಟಿಗೆ ಇನ್ನೊಂದು ಉಪಚಾರವೂ ನಡೆಯಿತು. ಸೀಟು ಬರುವ ಜಾಗದಲ್ಲಿ ರತ್ನನನ್ನು ಅವಳ ಕಡ್ಡಿಯೆತ್ತರದ ಇಟ್ಟಿಗೆ ರಾಶಿಯ ಮೇಲೆ ಕೂರಿಸಿ, ಮುಂದೆ ಹಿಡಿದುಕೊಳ್ಳಲು ಒಂದು ಕಬ್ಬಿಣದ ಸರಳನ್ನು ಸರಿಯಾಗಿ ಅವಳ ಎದೆಯ ಮಟ್ಟಕ್ಕೆ ವೆಲ್ಡಿಂಗು ಮಾಡಿದ. ಸೀಟಿನ ಕಾಲುಗಳನ್ನು ಮಾರನೆಯ ದಿನ ಶೆಡ್ಡಿನಲ್ಲಿ ಕತ್ತರಿಸಿ ತರುತ್ತೇನೆ ಅಂದ.

ಅಮ್ಮ ತರಕಾರಿಗೆ, ರತ್ನ ನೀರಿಗೆ ಹೋಗಿದ್ದ ಹೊತ್ತಿನಲ್ಲಿ ನಾನು ಆ ಗೂಡಿನ ಹತ್ತಿರ ಹೋದೆ. ಕೆಂಪು ದಾರದ ಕಡ್ಡಿಯನ್ನೂ ಹಳದಿ ದಾರದ ಕಡ್ಡಿಯನ್ನೂ ಜೋಡಿಸಿ ಹಿಡಿದೆ. ಅವಳದು ಮೂರು ಬೆರಳು ಉದ್ದ. ಆ ಮೂರು ಬೆರಳಿನಿಂದಲೇ ನನ್ನ ಜಾಗ ಹೋದದ್ದು ಎಂದು ನನಗೆ ಆಗ ಖಂಡಿತವಾಗಿ ಅನ್ನಿಸಿತು. ಅಡಿಗೆಮನೆಗೆ ತಂದು ಈಳಿಗೆಮಣೆಯ ಮೇಲೆ ಇಟ್ಟು ಅವಳ ಕಡ್ಡಿಯನ್ನು ನನ್ನ ಕಡ್ಡಿಯ ಸಮಕ್ಕೆ ಕತ್ತರಿಸಿದೆ. ತುದಿ ಬೆಳ್ಳಗೆ ಕಂಡಿತು, ಅದಕ್ಕೆ ಒಲೆಯ ಮಸಿ ಒರೆಸಿದೆ. ಅವಳಿಗೆ ಏನಾದರೂ ಆಗಲಿ ಎಂದು ಮಾಡಿದ್ದಲ್ಲ. ಸೀಟು ಸರಿಹೋಗದೆ ಅವಳು ಅದರಲ್ಲಿ ಕೂರಲಾರೆ ಅಂದಾಳು, ಆಗ ಅಪ್ಪ ನನ್ನನ್ನು ಕರೆದಾನು, ಅಷ್ಟೆ. ಹನ್ನೆರಡು ವರ್ಷದವಳ ಲೆಕ್ಕ.

ಅವಳು ಕೂರಲಾರೆ ಅನ್ನಲಿಲ್ಲ. ಸೀಟು ಕೂರಿಸಿದ ದಿನ ಹತ್ತಿ ಕೂತು ಒಂದು ಸಲ ಅತ್ತಿತ್ತ ಸರಿದಾಡಿದಳು.

"ಮಾಮ, ಒಂಚೂರು ತಗ್ಗು ಅನ್ಸುತ್ತೆ."

ಅಪ್ಪ ಕಡ್ಡಿ ತಂದು ಸೀಟಿನ ಪಕ್ಕಕ್ಕೆ ಹಿಡಿದ. ಕೂದಲೆಳೆಯಷ್ಟೂ ವ್ಯತ್ಯಾಸವಿರಲಿಲ್ಲ.

"ಸರಿಯಾಗೇ ಐತಲ್ಲವ್ವ. ಹೊಸ್ದು ನೋಡು, ಅದಕ್ಕೇ ಹಂಗೆ. ಕೂತು ಕೂತು ಅಭ್ಯಾಸ ಆಗುತ್ತೆ ಬುಡು."

ನಾನು ಜಗುಲಿಯ ಕಂಬ ಹಿಡಿದು ನಿಂತಿದ್ದೆ. ಅಲ್ಲೇ ಹೇಳಿಬಿಡಬಹುದಿತ್ತು. ಆದರೆ ಅವಳು ಆ ಸೀಟಿನಲ್ಲಿ ಕೂತು ಕಿಟಕಿಯ ಹೊರಗೆ ಮೊಣಕೈ ಇಟ್ಟಿದ್ದು ಅಪ್ಪ ಇಡುವ ಹಾಗೆಯೇ ಇತ್ತು. ಕಂಬ ಬಿಟ್ಟು ಒಳಗೆ ಹೋದೆ.

ನಾಲ್ಕು ಚಕ್ರಕ್ಕೂ ನಿಂಬೆಹಣ್ಣು ಇಟ್ಟು, ಬೂದುಗುಂಬಳ ಒಡೆದು, ಮೊದಲ ಭಾನುವಾರವೇ ಹೊರಟೆವು. ಕುಣಿಗಲ್ಲಿನಲ್ಲಿ ತಟ್ಟೆ ಇಡ್ಲಿ ತಿಂದು, ಕೆರೆಯ ಏರಿ ದಾಟಿ, ಹುತ್ರಿದುರ್ಗದ ಕಡೆಗೆ ಹೋಗಿ, ಒಂದು ಹೊಲದ ಪಕ್ಕ ಟಾರು ಬಿಟ್ಟು ಇಳಿದೆವು. ಅಲ್ಲಿಂದ ಬರೀ ಕಲ್ಲು, ಕುರುಚಲು, ನೆಟ್ಟಗೆ ಏರು. ಅಪ್ಪ ನಾಲ್ಕೂ ಚಕ್ರಕ್ಕೆ ಬಲ ಕೊಡುವ ಎರಡನೆಯ ಗೇರುಕೋಲು ಎಳೆದ. ಗಾಡಿ ಮುದಿ ಎಮ್ಮೆಯಂತೆ ಒಮ್ಮೆ ಗುಟುರು ಹಾಕಿ, ನಾಲ್ಕೂ ಕಾಲಿನಲ್ಲಿ ಹತ್ತತೊಡಗಿತು. ಹಿಂದೆ ಅಮ್ಮ ಕಮಾನು ಹಿಡಿದುಕೊಂಡು ದೇವರ ಹೆಸರೆಲ್ಲ ಹೇಳುತ್ತಿದ್ದಳು, ಮಧ್ಯೆ ಮಧ್ಯೆ ನಗುತ್ತಲೂ ಇದ್ದಳು. ಅವಳು ಹಾಗೆ ನಕ್ಕದ್ದನ್ನು ನಾನು ಅದಕ್ಕೆ ಮೊದಲು ಕಂಡಿರಲಿಲ್ಲ. ನನಗೆ ನಗು ಬರಲಿಲ್ಲ. ಕ್ಯಾಬಿನ್ನಿನ ಹಿಂದಿನ ಚಿಕ್ಕ ಕಿಂಡಿಯಿಂದ ಎರಡು ತಲೆ ಕಾಣುತ್ತಿದ್ದವು.

"ಎಡಕ್ಕೆ ಕಲ್ಲು ಮಾಮ. ದೊಡ್ದು. ಬಲಕ್ಕೆ ಒಂಚೂರು... ಸಾಕು ಸಾಕು, ಹೋಗ್ಲಿ!"

"ಭೇಷ್ ಕಣವ್ವ!"

ಮೇಲೆ ಬಂಡೆಯ ಮೇಲೆ ಕೂತು ಪುಳಿಯೋಗರೆ ತಿಂದೆವು. ಇಳಿಯುವಾಗ ಮುಂದಿನ ಎಡಚಕ್ರ ಒಂದು ಬಂಡೆಯಿಂದ ಜಾರಿ ಧಡ್ಡನೆ ಬಿತ್ತು. ಮುಗ್ಗರಿಸಿದ ರತ್ನನ ಎದೆಗೆ ತಡೆಯಾಗಬೇಕಾದ ಸರಳು ಮೂರು ಬೆರಳು ಮೇಲಿದ್ದು ಅವಳ ಬಾಯಿಗೆ ಬಡಿಯಿತು. ಅವಳು ಕೂಗಲೂ ಇಲ್ಲ. ಅಪ್ಪ ಕೂಗಿದ. ಗಾಡಿ ನಿಂತ ಮೇಲೆ ಓಡಿಹೋಗಿ ನೋಡಿದರೆ ಅವಳ ಬಾಯಿಂದ ರಕ್ತ ಸುರಿಯುತ್ತಿತ್ತು, ಅಂಗೈಯಲ್ಲಿ ಮುಂದಿನ ಹಲ್ಲಿನ ಅರ್ಧ ತುಂಡಿತ್ತು. ಕುಣಿಗಲ್ಲಿನ ಡಾಕ್ಟರು ತುಟಿಗೆ ಮೂರು ಹೊಲಿಗೆ ಹಾಕಿದರು. ಮನೆಗೆ ಬರುವ ತನಕ ಅಮ್ಮನ ತೊಡೆಯ ಮೇಲೆ ತಲೆಯಿಟ್ಟು ಮಲಗಿದ್ದಳು. ಮುಂದಿನ ಸೀಟು ಖಾಲಿ ಇತ್ತು. ಅಪ್ಪ ನನ್ನನ್ನು ಕರೆಯಲಿಲ್ಲ.

ಮೂರನೆಯ ದಿನ ಗುಬ್ಬಿ ಅತ್ತೆ ಬಂದಳು. ಜಗುಲಿ ಕೂಡ ಹತ್ತಲಿಲ್ಲ.

"ಓದ್ಸು ಅಂತ ಕಳ್ಸಿದ್ನೋ, ಲಾರಿ ಕ್ಲೀನರ್ ಮಾಡು ಅಂತ ಕಳ್ಸಿದ್ನೋ ಅಣ್ಣಯ್ಯ? ಹೆಣ್ ಮಗೀನ ಮುಖ ಕೆಡ್ಸಿಬುಟ್ಯಲ್ಲ!"

"ಅಳ್ತೆ ತಪ್ಪೋಯ್ತು ಕಣಮ್ಮ. ನಂದೇ ತಪ್ಪು."

"ನಿಂದೇ ತಪ್ಪು ಅಂದ್ರೆ ಹಲ್ಲು ಬತ್ತದಾ?"

ರತ್ನ ಬಟ್ಟೆ ಗಂಟು ಹಿಡಿದು ಹೊರಗೆ ಬಂದಳು. "ಹೋಗ್ಬತ್ತೀನಿ ಮಾಮ" ಅನ್ನುವಾಗ ಬಾಯಿಗೆ ಕೈ ಅಡ್ಡ ಹಿಡಿದಿದ್ದಳು. ಅಂದಿನಿಂದ ಚಾಪೆ ಪೂರ್ತಿ ನನ್ನದಾಯಿತು. ಅಪ್ಪನೂ ಪೂರ್ತಿ ನನ್ನವನಾಗಬೇಕಿತ್ತು. ಆದರೆ ಮನೆಯಲ್ಲಿ ಉಳಿದ ಅಪ್ಪ ಬೇರೆಯೇ ಆಗಿದ್ದ. ಟ್ರಕ್ಕಿಗೆ ಟಾರ್ಪಾಲು ಮುಚ್ಚಿದ. ಶೆಡ್ಡಿನಲ್ಲಿ ಟೇಪು ಹಿಡಿದು ಒಂದೇ ಪಟ್ಟಿಯನ್ನು ಮೂರು ಮೂರು ಸಲ ಅಳೆಯುತ್ತಿದ್ದನಂತೆ, ಆಮೇಲೂ ಪಕ್ಕದವನನ್ನು ಕರೆದು ನೋಡು ಅನ್ನುತ್ತಿದ್ದನಂತೆ. ಮನೆಯಲ್ಲಿ ಒಂದು ಗೂಟ ಹೊಡೆಯಬೇಕಾದರೂ ಅಮ್ಮನನ್ನು ಕೇಳುತ್ತಿದ್ದ. ಕೊನೆಗೆ ತುಮಕೂರಿಗೆ ಹೋಗಿ ಕಣ್ಣು ತೋರಿಸಿಕೊಂಡು ಬಂದ. ಆ ಸುದ್ದಿ ಗುಬ್ಬಿಯವರೆಗೂ ಹೋಯಿತು. ಡಾಕ್ಟರು ಕಣ್ಣು ಚೆನ್ನಾಗಿದೆ ಅಂದರಂತೆ. "ಅವ್ರಿಗೆ ಗೊತ್ತಾಗಲ್ಲ," ಅಂದ ಅಪ್ಪ. ನಾನು ಕಾಳು ಬಿಡಿಸುತ್ತಾ ಕೂತಿದ್ದೆ. ಅವರೆಕಾಯಿಯ ಸಿಪ್ಪೆಯನ್ನೂ ಕಾಳಿನ ಬಟ್ಟಲಿಗೇ ಹಾಕುತ್ತಿದ್ದೆ ಎಂದು ಅಮ್ಮ ತಲೆಗೆ ಮೊಟಕಿದಳು.

ನಾಲ್ಕು ತಿಂಗಳಾದ ಮೇಲೆ ಒಂದು ಭಾನುವಾರ ಬೆಳಿಗ್ಗೆ, ಬ್ಯಾಟರಿ ಸತ್ತುಹೋಗುತ್ತದೆ ಎಂದು ಅಪ್ಪ ಟಾರ್ಪಾಲು ತೆಗೆದು ಗಾಡಿ ಸ್ಟಾರ್ಟು ಮಾಡಿದ. ನಾನು ಜಗುಲಿಯಲ್ಲಿ ನಿಂತಿದ್ದೆ. ಅವನ ಕಣ್ಣು ನನ್ನ ಮೇಲೆ ಬಿತ್ತು.

"ಬಾ ಶಾರಿ. ಊರ ಮುಂದಕ್ಕೊಂದು ಸುತ್ತು ಹಾಕ್ಕೊಂಡು ಬರಣ. ಮುಂದೆ ಹತ್ತು."

ಎಷ್ಟು ದಿನ ಕಾದ ಮಾತು! ಓಡಿಹೋಗಿ ಎಡಗಡೆ ಹತ್ತಿ ಕೂತೆ. ಬೆನ್ನು ಹಿಂದಕ್ಕೆ ಸರಿಯಾಗಿ ತಾಗಿತು, ಸರಳು ಹಿಡಿದೆ, ಅಂಗಾಲು ಎರಡೂ ನೆಲಕ್ಕೆ ಪೂರ್ತಿ ಕೂತವು. ಅಪ್ಪ ಗೇರಿಗೆ ಕೈ ಹಾಕಿದವನು ಹಾಗೇ ತಡೆದ. ನನ್ನ ಪಾದ ನೋಡಿದ, ಮೊಣಕಾಲು ನೋಡಿದ. ಎಂಜಿನ್ನು ಆರಿಸಿ, ಇಳಿದು, ಸುತ್ತಿ ಬಂದು, ನನ್ನ ಕಡೆಯ ಬಾಗಿಲು ತೆಗೆದು ಮೊಣಕಾಲಿನ ಹಿಂದೆ ಎರಡು ಬೆರಳು ಇಟ್ಟ.

"ಇದು ನಿನ್ನಳತೆ," ಅಂದ.

ನಾನು ಕಾಲು ಹಿಂದಕ್ಕೆ ಎಳೆದುಕೊಂಡೆ.

"ಎಷ್ಟು ಕತ್ತರಿಸ್ದೆ?"

"ನನ್ ಕಡ್ಡಿ ಸಮಕ್ಕೆ."

ಹೊಡೆಯುತ್ತಾನೆ ಎಂದು ಕಣ್ಣು ಮುಚ್ಚಿಕೊಂಡೆ. ಹೊಡೆಯಲಿಲ್ಲ. ಕಣ್ಣು ಬಿಟ್ಟಾಗ ಅವನು ಗಾಡಿಯ ಮೆಟ್ಟಿಲಿನ ಮೇಲೆ ನನಗೆ ಬೆನ್ನು ಹಾಕಿ ಕೂತಿದ್ದ.

"ನಾಕು ತಿಂಗ್ಳಿಂದ ನನ್ ಕಣ್ಣು ಹೋಯ್ತು ಅಂತ ತಿಳ್ಕೊಂಡಿದ್ನಲ್ಲವ್ವ," ಅಂದ. ಆಮೇಲೆ ಎದ್ದು, "ಅಮ್ಮನ್ನ ಕರಿ. ಗುಬ್ಬಿಗೆ ಹೋಗ್ಬೇಕು."

ಗುಬ್ಬಿಯವರೆಗೂ ನಾನು ಅದೇ ಸೀಟಿನಲ್ಲಿ ಕೂತಿದ್ದೆ. ಹಿಂದೆ ಹೋಗು ಎಂದು ಅವನು ಹೇಳಲಿಲ್ಲ. ಆ ದಿನ ವಾಂತಿ ಕೂಡ ಬರಲಿಲ್ಲ, ಬಂದಿದ್ದರೆ ಇಳಿದು ನಿಲ್ಲುವುದಕ್ಕಾದರೂ ಒಂದು ನೆಪ ಸಿಗುತ್ತಿತ್ತು. ಅತ್ತೆಯ ಮನೆಯ ಮುಂದೆ ರತ್ನ ಕೊಬ್ಬರಿ ಒಣಹಾಕುತ್ತಿದ್ದಳು. ಗಾಡಿ ಕಂಡು ಎದ್ದು ನಿಂತು ನಕ್ಕಳು, ಬಾಯಿಗೆ ಕೈ ಅಡ್ಡ ಹಿಡಿದೇ.

"ಇಳ್ದು ಹೋಗಿ ಹೇಳು," ಅಂದ ಅಪ್ಪ. "ನಾನು ಹೇಳಲ್ಲ."

ಹೇಳಿದೆ. ಕೊಬ್ಬರಿಯ ನಡುವೆ ನಿಂತು, ಅವಳ ಪಾದ ನೋಡಿಕೊಂಡು, ಕಡ್ಡಿ, ಈಳಿಗೆಮಣೆ, ಮಸಿ ಎಲ್ಲ ಹೇಳಿದೆ. ಅವಳು ಕೈಯಲ್ಲಿದ್ದ ಕೊಬ್ಬರಿಯನ್ನು ಕೆಳಗಿಟ್ಟಳು.

"ಮಾಮಂಗೆ ಗೊತ್ತಾ?"

"ಇವತ್ತು ಗೊತ್ತಾಯ್ತು."

"ಹಂಗಾದ್ರೆ ಅವ್ರ ಕಣ್ಣು ಚೆನ್ನಾಗೈತೆ," ಎಂದು ಉಸಿರು ಬಿಟ್ಟಳು. ಆಮೇಲೆ ಬಾಯಿಂದ ಕೈ ತೆಗೆದು, ಮುರಿದ ಹಲ್ಲು ಕಾಣುವ ಹಾಗೆ ನನ್ನನ್ನು ನೇರವಾಗಿ ನೋಡಿದಳು. "ನಿಂಗೆ ಅವ್ರು ವಾರ ಪೂರ್ತಿ ಅಪ್ಪ ಕಣೇ. ನಂಗೆ ಭಾನುವಾರ ಒಂದಿನ ಇದ್ರು. ಅದೂ ಬೇಕಿತ್ತಾ ನಿಂಗೆ?"

ಬೇಕಿತ್ತು ಎಂಬುದೇ ನಿಜವಾದ ಉತ್ತರ, ಅದನ್ನು ಹೇಳಲಾಗಲಿಲ್ಲ. ಅತ್ತೆ ಬಾಗಿಲಿಗೆ ಬಂದು "ಮತ್ತೆ ಆ ಗಾಡಿ ತಾವ ಹೋದ್ರೆ ನೋಡು" ಎಂದು ಶುರುಮಾಡಿದಳು. "ಅವ್ವ, ನೀನು ಸುಮ್ಕಿರು," ಎಂದು ರತ್ನ ಅಲ್ಲೇ ಒಣಹಾಕಿದ್ದ ಗೋಣಿಚೀಲಗಳಲ್ಲಿ ಒಂದನ್ನು ಎತ್ತಿ, ಕೊಡವಿ, ನಾಲ್ಕು ಮಡಿಕೆ ಮಾಡಿ ಎಡಗಡೆಯ ಸೀಟಿನ ಮೇಲೆ ಹಾಕಿ, ಅದರ ಮೇಲೆ ಹತ್ತಿ ಕೂತಳು. ಸರಳು ಈಗ ಅವಳ ಎದೆಯ ಮಟ್ಟಕ್ಕೆ ಬಂತು.

"ನೀನು ಹಿಂದೆ ಹತ್ತು," ಅಂದಳು ನನಗೆ.

ಹಿಂದೆ ಹತ್ತಿದೆ. ಅಮ್ಮ ಕಾಲು ಮಡಚಿ ದಾರಿ ಬಿಟ್ಟಳು, ಬೈಯಲಿಲ್ಲ. ಅಪ್ಪ ಊರು ದಾಟಿ ಕೆರೆಯ ಪಕ್ಕ ಟಾರು ಬಿಟ್ಟು ಗಾಡಿಯನ್ನು ಇಳಿಸಿದ. ಕಿಂಡಿಯಲ್ಲಿ ಎರಡು ತಲೆ ಕಂಡವು. ತಪ್ಪು ಒಪ್ಪಿಕೊಂಡವರಿಗೆ ಹೊಟ್ಟೆ ತಣ್ಣಗಾಗುತ್ತದೆ ಎಂದು ಶಾಲೆಯಲ್ಲಿ ಹೇಳಿಕೊಟ್ಟಿದ್ದರು. ನಾನು ಕಾದೆ. ಮುಂದೆ ರತ್ನ ಏನೋ ಅಂದಳು, ಅಪ್ಪ ನಾಲ್ಕು ತಿಂಗಳಲ್ಲಿ ಮೊದಲ ಸಲ ಜೋರಾಗಿ ನಕ್ಕ. ಏನಂದಳು ಎಂದು ಕೇಳಿಸಿಕೊಳ್ಳಲು ನಾನು ಕಿಂಡಿಗೆ ಕಿವಿ ಒತ್ತಿದೆ. ಎಂಜಿನ್ನಿನ ಸದ್ದಿನಲ್ಲಿ ಕೇಳಿಸಲಿಲ್ಲ.